ಟೂರಿನ ಬಸ್ಸು: ದರ ಕೇಳುವ ಮೊದಲು ‘ಡ್ರೈವರ್ ಎಲ್ಲಿ ಮಲಗ್ತಾನ?’ ಅಂತ ಕೇಳಿ

ಮಳೆಗಾಲ ಸರಿದು ದೀಪಾವಳಿ ವ್ಯಾಪಾರ ಮುಗಿಯಿತೆಂದರೆ ಹುಬ್ಬಳ್ಳಿ ಪೇಟೆಯಲ್ಲಿ ಪಟ್ಟಿ ಎತ್ತುವ ಕೆಲಸ ಶುರು. ಗಣಪತಿ ಪಟ್ಟಿಯಲ್ಲ, ಟೂರಿನ ಪಟ್ಟಿ! ಒಂದು ಓಣಿಯ ಅಂಗಡಿಕಾರರು, ಒಂದು ಮಹಿಳಾ ಮಂಡಳ, ದಿನಾ ಒಂದೇ ಬಸ್ಸಿಗೆ ಧಾರವಾಡಕ್ಕೆ ಹೋಗಿ ಬರುವ ನೌಕರರ ಗುಂಪು, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಂದು ಬಸ್ ಮಾಡ್ಕೊಂಡು ಗೋಕರ್ಣ, ಮುರ್ಡೇಶ್ವರ ನೋಡ್ಕೊಂಡು ಬರೂಣ್ರಿ.’

ಒಳ್ಳೆಯ ಮಾತೇ. ವರ್ಷವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತವನಿಗೆ ಎರಡು ದಿನ ಸಮುದ್ರದ ಗಾಳಿ ಬೇಡವೇ? ಆದರೆ ಈ ಪೇಟೆಯ ಜನ ಕಾಲು ಕಿಲೋ ಸಕ್ಕರೆ ಕೊಳ್ಳುವಾಗ ತಕ್ಕಡಿ ಮುಳ್ಳು ನೋಡುತ್ತಾರೆ. ಮನೆಮಂದಿಯನ್ನೆಲ್ಲ ಹತ್ತಿಸುವ ಬಸ್ಸು ಗೊತ್ತು ಮಾಡುವಾಗ ಮಾತ್ರ ‘ಎಷ್ಟಕ್ಕ ಬರ್ತೀರಿ?’ ಎಂಬ ಒಂದೇ ಪ್ರಶ್ನೆ ಕೇಳಿ ಮುಂಗಡ ಕೊಟ್ಟು ಬರುತ್ತಾರೆ!

ಏಳು ಜಾಗದ ಆಸೆ

ಬಸ್ ಗೊತ್ತು ಮಾಡಿಕೊಡುವ ಏಜೆಂಟರ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಸಾವ್ಕಾರ್ರ, ರಾತ್ರಿ ಹತ್ತಕ್ಕ ಬಿಡೂಣು. ಗೋಕರ್ಣ, ಯಾಣ, ಮಿರ್ಜಾನ್ ಕೋಟಿ, ಅಪ್ಸರಕೊಂಡ, ಇಡಗುಂಜಿ, ಮುರ್ಡೇಶ್ವರ, ಬರೂಮುಂದ ಶಿರಸಿ ಮಾರಿಕಾಂಬಾ. ಏಳು ಜಾಗಾ, ಒಂದ ದಿನ. ಲಾಡ್ಜಿನ ಖರ್ಚ ಇಲ್ಲ!’

ಕೇಳಿದವರಿಗೆ ಖುಷಿ. ಈಗ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. ಹುಬ್ಬಳ್ಳಿಯಿಂದ ಗೋಕರ್ಣ ಸುಮಾರು 145 ಕಿ.ಮೀ. ಗೋಕರ್ಣದಿಂದ ಮುರ್ಡೇಶ್ವರ ಸುಮಾರು 80. ಅಲ್ಲಿಂದ ಕುಮಟಾ ಮೇಲೆ ಶಿರಸಿ ನೂರರ ಮೇಲೆ. ಶಿರಸಿಯಿಂದ ಹುಬ್ಬಳ್ಳಿ ಮತ್ತೆ ನೂರು ಚಿಲ್ಲರೆ. ಒಳದಾರಿಗಳೆಲ್ಲ ಸೇರಿದರೆ ಒಟ್ಟು 450 ಕಿ.ಮೀ. ದಾಟುತ್ತದೆ. ಎರಡು ಸಲ ಘಟ್ಟ, ಊರೊಳಗಿನ ಗದ್ದಲ, ಚಹಾ ನಿಲುಗಡೆ ಇದ್ದಲ್ಲಿ ದೊಡ್ಡ ಬಸ್ಸಿಗೆ ತಾಸಿಗೆ 40 ಕಿ.ಮೀ. ಸರಾಸರಿ ಬಿದ್ದರೆ ಪುಣ್ಯ. ಅಂದರೆ ಸ್ಟೇರಿಂಗ್ ಹಿಡಿದವನು ಹನ್ನೊಂದು ತಾಸಿಗೂ ಮೇಲ್ಪಟ್ಟು ಸೀಟಿನ ಮೇಲೆಯೇ!

ಮೋಟಾರು ಕೆಲಸಗಾರರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು 1961ರ ಕಾನೂನಿನಲ್ಲೇ ಬರೆದಿತ್ತು. ಅದು ಸುಮ್ಮನೆ ಬರೆದದ್ದಲ್ಲ. ನೀವು ಗುಡಿಯಲ್ಲಿ ಸಾಲಿಗೆ ನಿಂತಾಗ ಆತ ಬಿಸಿಲಲ್ಲಿ ಬಸ್ಸು ಕಾಯುತ್ತಾನೆ. ನೀವು ನೀರಿಗಿಳಿದಾಗ ಆತ ನಿಲ್ಲಿಸುವ ಜಾಗಕ್ಕೆ ಜಗಳವಾಡುತ್ತಾನೆ. ಗೋಕರ್ಣದ ಗುಡಿಯ ಬೀದಿಗೆ ದೊಡ್ಡ ಬಸ್ಸು ಹೋಗುವುದಿಲ್ಲ, ಹೊರಗೇ ನಿಲ್ಲಿಸಬೇಕು. ಯಾಣದಲ್ಲಿ ಬಸ್ ಇಳಿದ ಮೇಲೂ ನಡಿಗೆ ಉಂಟು. ಇಷ್ಟೆಲ್ಲ ಆಗಿ ರಾತ್ರಿ ಘಟ್ಟ ಏರುವಾಗ ಹಿಂದೆ 45 ಮಂದಿ ಗೊರಕೆ ಹೊಡೆಯುತ್ತಾರೆ. ಮುಂದೆ ಒಬ್ಬನೇ ಒಬ್ಬ ಎಚ್ಚರವಿರಬೇಕು. ಅವನಿಗೂ ಕಣ್ಣೇ ಇರುವುದು, ಹೆಡ್‌ಲೈಟಲ್ಲ!

ಘಟ್ಟದ ನಸುಕು

2025ರ ಜನವರಿ 22ರ ನಸುಕನ್ನು ನಮ್ಮ ಕಡೆಯ ವ್ಯಾಪಾರಸ್ಥರು ಮರೆತಿರಲಾರರು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಬಿತ್ತು. ಸರಕಿನ ಜತೆ ಕೂತಿದ್ದವರಲ್ಲಿ 10 ಮಂದಿ ಹೋದರು. ಅದು ಟೂರಿನ ಬಸ್ಸಲ್ಲ, ನಿಜ. ಆದರೆ ದಾರಿ ಅದೇ, ಕತ್ತಲೂ ಅದೇ. ‘ರಾತ್ರಿ ಬಿಟ್ಟರ ಒಂದು ದಿನ ಉಳೀತದ’ ಎನ್ನುವವರು ಆ ತಿರುವುಗಳನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಮಳೆಗಾಲದ ಮಾತು ಇನ್ನೂ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿಯಿತು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಬಸ್ಸಿನ ಟೂರಿಗೆ ಅವಸರ ಬೇಡ. ಬೇರೆ ತಿಂಗಳಲ್ಲೂ ಯಾವ ಘಟ್ಟ ತೆರೆದಿದೆ, ಎಲ್ಲಿ ಕಾಮಗಾರಿ ನಡೆದಿದೆ ಎಂದು ಹಿಂದಿನ ದಿನ ವಿಚಾರಿಸಿಯೇ ಹೊರಡಿ.

ಅಗ್ಗ ಎಂಬುದು ನಿಜವಾಗಿ ಅಗ್ಗವೇ?

ರಾತ್ರಿ ಬಿಟ್ಟರೆ ದುಡ್ಡು ಉಳಿಯುತ್ತದೆ ಎಂಬ ಮಾತನ್ನೂ ತಕ್ಕಡಿಗೆ ಹಾಕೋಣ. ಕಾಂಟ್ರಾಕ್ಟ್ ಬಸ್ಸಿಗೆ ಬರೀ ಓಡಿದ ಕಿ.ಮೀ. ದುಡ್ಡಲ್ಲ. ದಿನಕ್ಕೆ ಇಂತಿಷ್ಟು ಕಿ.ಮೀ. ಕನಿಷ್ಠ ಎಂಬ ಕರಾರಿರುತ್ತದೆ, ಓಡಿಸಿದರೂ ಅಷ್ಟೇ, ನಿಲ್ಲಿಸಿದರೂ ಅಷ್ಟೇ. ಅನೇಕರು ದಿನವನ್ನು ಎಣಿಸುವುದು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಮೀಟರು ಓಡಲು ಶುರುವಾಗುವುದು ನಿಮ್ಮ ಓಣಿಯಿಂದಲ್ಲ, ಅವರ ಶೆಡ್ಡಿನಿಂದ.

ಲೆಕ್ಕಕ್ಕೆಂದು ಕನಿಷ್ಠ 300 ಕಿ.ಮೀ. ಹಿಡಿಯಿರಿ. ಶುಕ್ರವಾರ ರಾತ್ರಿ ಹತ್ತಕ್ಕೆ ಬಿಟ್ಟು ಭಾನುವಾರ ರಾತ್ರಿ ಬಂದರೆ ಮೂರು ತಾರೀಕು, 900 ಕಿ.ಮೀ. ಬಿಲ್ಲು. ಓಡಿದ್ದು ಮಾತ್ರ ಅದರ ಅರ್ಧ! ಅದೇ ಶನಿವಾರ ಬೆಳಿಗ್ಗೆ ಐದಕ್ಕೆ ಬಿಟ್ಟರೆ ಎರಡೇ ತಾರೀಕು, 600 ಕಿ.ಮೀ. ಎರಡು ತಾಸಿನ ಕತ್ತಲೆಗಾಗಿ ಒಂದು ಇಡೀ ದಿನದ ಬಾಡಿಗೆ ಕೊಡುವ ಜಾಣರು ನಾವು!

ಟೋಲು, ಪಾರ್ಕಿಂಗ್, ಡ್ರೈವರ್ ಬಾಟಾ, ಗೋವಾ ಕಡೆ ಹೊರಳಿದರೆ ಆ ರಾಜ್ಯದ ಖರ್ಚು, ಇವು ದರದೊಳಗೋ ಹೊರಗೋ? ದಾರಿಯಲ್ಲಿ ಬಸ್ಸು ಕೆಟ್ಟರೆ ಬದಲಿ ಗಾಡಿ ಯಾರು ಕೊಡಬೇಕು? ಟೂರು ರದ್ದಾದರೆ ಮುಂಗಡ ಎಷ್ಟು ವಾಪಸ್? ಇದೆಲ್ಲ ಬಾಯಿ ಮಾತಲ್ಲಿ ಮುಗಿಸಿದರೆ ತಿರುಗಿ ಬಂದ ರಾತ್ರಿ ಓಣಿಯ ತುದಿಯಲ್ಲಿ ಜಗಳ ಖಂಡಿತ. ಒಂದು ಹಾಳೆಯಲ್ಲಿ ಬರೆಸಿ, ಎರಡೂ ಕಡೆಯವರು ಸಹಿ ಮಾಡಿ. ಉದ್ರಿ ಬರೆಯದೆ ಸಾಮಾನು ಕೊಡುತ್ತೀರಾ? ಇದೂ ಹಾಗೆಯೇ.

ಫಲಕ ನೋಡಿ, ಕಾಗದ ನೋಡಿ

ಹಿರಿಯರಿಗೆ ನೆನಪಿರಬೇಕು. 1976ರಲ್ಲಿ ನಮ್ಮ ರಾಜ್ಯ ಸರಕಾರ ಕಾನೂನು ಮಾಡಿ ಖಾಸಗಿಯವರ ಕಾಂಟ್ರಾಕ್ಟ್ ಬಸ್ಸುಗಳನ್ನೇ ವಶಪಡಿಸಿಕೊಂಡಿತ್ತು. ಅವು ಜನರ ಹಿತಕ್ಕೆ ಮಾರಕವಾಗಿ ಓಡುತ್ತಿವೆ ಎಂಬುದು ಸರಕಾರ ಕೊಟ್ಟ ಕಾರಣ. 1977ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಕಾನೂನು ರದ್ದಾದದ್ದು 2003ರಲ್ಲಿ. ಈಗ ಖಾಸಗಿ ಬಸ್ಸೂ ಉಂಟು, ಸರಕಾರಿ ಬಸ್ಸೂ ಉಂಟು. ವಾಯವ್ಯ ಸಾರಿಗೆ ಸಂಸ್ಥೆಯವರು ಮದುವೆಗೆ, ಪ್ರವಾಸಕ್ಕೆ ಬಸ್ ಕೊಡುತ್ತಾರೆ. ಕಚೇರಿ ಭಾಷೆಯಲ್ಲಿ ಅದಕ್ಕೆ ‘ಪ್ರಾಸಂಗಿಕ ಕರಾರು’ ಎಂದು ಹೆಸರು. ಡಿಪೋದಲ್ಲಿ ದರ ಕೇಳಿ, ಖಾಸಗಿಯವರಲ್ಲಿ ಕೇಳಿ, ಎರಡನ್ನೂ ತೂಗಿ ನೋಡುವುದು ಜಾಣತನ.

ಖಾಸಗಿ ಬಸ್ಸಾದರೆ ಮೊದಲು ನಂಬರ್ ಫಲಕ ನೋಡಿ. ಬಿಳಿಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಸ್ವಂತದ ಗಾಡಿ, ಬಾಡಿಗೆಗೆ ಓಡಿಸುವಂತಿಲ್ಲ. ಹಳದಿ ಫಲಕ ಇದ್ದ ಮಾತ್ರಕ್ಕೂ ಮುಗಿಯಲಿಲ್ಲ. ಪ್ರವಾಸಿ ಪರ್ಮಿಟ್, ಎಫ್.ಸಿ., ವಿಮೆ ಮೂರೂ ಚಾಲ್ತಿಯಲ್ಲಿರಬೇಕು. ಪ್ರಯಾಣಿಕರ ಹೆಸರಿನ ಪಟ್ಟಿಯೂ ಬಸ್ಸಿನಲ್ಲಿರಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಫ್.ಸಿ., ವಿಮೆಯ ತಾರೀಕು ಕಾಣುತ್ತದೆ. ಓಣಿಯ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಪರ್ಮಿಟ್ ಇಲ್ಲದ ಬಸ್ಸು ಎರಡು ಸಾವಿರ ಅಗ್ಗಕ್ಕೆ ಸಿಕ್ಕೀತು. ಏನಾದರೂ ಹೆಚ್ಚುಕಡಿಮೆಯಾದ ದಿನ ವಿಮಾ ಕಂಪನಿ ತಕರಾರು ತೆಗೆದರೆ ಆ ಎರಡು ಸಾವಿರ ಯಾವ ಮೂಲೆಗೆ?

ಇಳಿದ ಮೇಲೂ ಅವಸರ

ಜಾಗ ಹೆಚ್ಚಾದಷ್ಟೂ ಅವಸರ ಹೆಚ್ಚು. ‘ಇಪ್ಪತ್ತೇ ನಿಮಿಷ, ಲಗೂ ಬರ್ರಿ’ ಎಂದು ಸಮುದ್ರದ ದಂಡೆಯಲ್ಲಿ ಬಿಟ್ಟರೆ ಗುಂಪಿನ ಲೆಕ್ಕ ಯಾರಿಗೂ ಇರುವುದಿಲ್ಲ. 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ಮುರ್ಡೇಶ್ವರದ ನೀರಲ್ಲಿ ಮುಳುಗಿ ತೀರಿಕೊಂಡರು. ಬಯಲುಸೀಮೆಯ ನಮಗೆ ಕೆರೆ ಗೊತ್ತು, ಅಲೆ ಹಿಂದಕ್ಕೆ ಸೆಳೆಯುವ ಬಲ ಗೊತ್ತಿಲ್ಲ. ಜೀವರಕ್ಷಕರು ಸೀಟಿ ಊದಿದರೆ ‘ನಿಂದೇನೋ’ ಎನ್ನದೆ ಹಿಂದೆ ಸರಿಯಿರಿ. ಹತ್ತು ಮಂದಿಗೆ ಒಬ್ಬ ಹಿರಿಯನನ್ನು ಎಣಿಸಲು ನೇಮಿಸಿ.

ಹೀಗೂ ಹೋಗಬಹುದು

ಏಳು ಜಾಗ ಬೇಡ, ಐದು ಸಾಕು. ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟರೆ ಅರಬೈಲ್ ಘಟ್ಟವನ್ನು ಹಗಲಲ್ಲೇ ಇಳಿಯಬಹುದು. ಅಂಕೋಲಾ ದಾಟಿ ಗೋಕರ್ಣ, ಮಧ್ಯಾಹ್ನ ಮಿರ್ಜಾನ್ ಕೋಟೆ, ಸಂಜೆಗೆ ಮುರ್ಡೇಶ್ವರ, ಅಲ್ಲೇ ವಸ್ತಿ. ಓಟ ಸುಮಾರು 225 ಕಿ.ಮೀ., ಡ್ರೈವರನಿಗೂ ಹದ. ಭಾನುವಾರ ಬೆಳಿಗ್ಗೆ 123 ಅಡಿಯ ಶಿವನನ್ನೂ 20 ಅಂತಸ್ತಿನ ಗೋಪುರವನ್ನೂ ಸಾವಕಾಶ ನೋಡಿ, ಇಡಗುಂಜಿ ಗಣಪನಿಗೆ ಕೈಮುಗಿದು, ಅಪ್ಸರಕೊಂಡ ನೋಡಿ ಹೊನ್ನಾವರದಲ್ಲಿ ಊಟ. ಒಂದು ಗಂಟೆಗೆ ಅಲ್ಲಿಂದ ಬಿಟ್ಟರೆ ಹೊತ್ತು ಮುಳುಗುವ ಮೊದಲು ಘಟ್ಟ ಮೇಲೆ ಬಂದಿರುತ್ತೀರಿ. ರಾತ್ರಿ ಊಟ ಮನೆಯಲ್ಲಿ, ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ವೇಳೆಗೆ ಸರಿಯಾಗಿ.

ಒಂದೇ ಒಂದು ಕರಾರು ಮರೆಯಬೇಡಿ. ವಸ್ತಿ ಮಾಡುವಾಗ ಡ್ರೈವರನಿಗೂ ಕೋಣೆ ಹಿಡಿಯಿರಿ. ‘ನಾ ಬಸ್ಸಿನ್ಯಾಗ ಒರಗತೀನಿ ಬಿಡ್ರಿ ಯಜಮಾನ್ರ’ ಎಂದು ಆತ ಸಂಕೋಚದಿಂದ ಹೇಳಬಹುದು, ಒಪ್ಪಬೇಡಿ. ಸೆಕೆ, ಸೊಳ್ಳೆಯ ನಡುವೆ ಸೀಟಿನ ಮೇಲೆ ಒರಗಿದ್ದು ನಿದ್ದೆಯಲ್ಲ. ಆ ಕೋಣೆಯ ಬಾಡಿಗೆಯನ್ನು 45 ತಲೆಗೆ ಹಂಚಿ ನೋಡಿ, ಒಬ್ಬೊಬ್ಬರಿಗೆ ಒಂದು ಪ್ಲೇಟ್ ಮಿರ್ಚಿ-ಗಿರಮಿಟ್ಟಿನ ದುಡ್ಡೂ ಬೀಳುವುದಿಲ್ಲ. ಹೆಂಡತಿ ಮಕ್ಕಳ ಜೀವಕ್ಕೆ ಇದಕ್ಕಿಂತ ಅಗ್ಗದ ವಿಮೆ ಯಾವ ಕಂಪನಿಯೂ ಮಾರುವುದಿಲ್ಲ.