ಹಳೆಯ ಕೈಗಡಿಯಾರಗಳ ಜೀರ್ಣೋದ್ಧಾರ

ಕಾಲವನ್ನು ಅಳೆಯುವ ಯಂತ್ರವೂ ಕಾಲಕ್ಕೆ ಅಧೀನವೇ ಆಗಿರುವದು. ಬೀಡಿ, ನಂದಗಡ, ಖಾನಾಪುರ ಮುಂತಾದ ನಮ್ಮ ಕಡೆಯ ಊರುಗಳ ಅನೇಕ ಮನೆಗಳಲ್ಲಿ, ಟ್ರಂಕಿನ ತಳದಲ್ಲಿಯೋ ದೇವರ ಮಾಡದ ಬದಿಯಲ್ಲಿಯೋ, ನಿಂತುಹೋದ ಒಂದು ಕೈಗಡಿಯಾರವು ಇದ್ದೇ ಇರುವದು. ತಂದೆಯು ನೌಕರಿಗೆ ಸೇರಿದಾಗ ಕೊಂಡದ್ದೋ, ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದೋ ಆಗಿರುವ ಅದನ್ನು ಎಸೆಯಲು ಮನಸ್ಸು ಬಾರದು. ಕಟ್ಟಿಕೊಳ್ಳೋಣವೆಂದರೆ ಅದು ನಡೆಯದು. ಇಂಥ ಗಡಿಯಾರವನ್ನು ಮನೆಯಲ್ಲಿ ಎಷ್ಟರ ಮಟ್ಟಿಗೆ ಸರಿಪಡಿಸಬಹುದು, ಯಾವ ಭಾಗವನ್ನು ಬದಲಿಸಬಹುದು, ಯಾವದನ್ನು ಬದಲಿಸಲಾಗದು ಎಂಬ ವಿಚಾರವನ್ನು ಇಲ್ಲಿ ಮಾಡುವೆವು.

ನಮ್ಮ ಪೂರ್ವಿಕರು ಅಹೋರಾತ್ರವನ್ನು 60 ಘಟಿಕೆಗಳಾಗಿ ವಿಭಾಗಿಸಿ, ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟು, ಅದು ತುಂಬಿ ಮುಳುಗುವ ಅವಧಿಯಿಂದ ಕಾಲಗಣನೆ ಮಾಡುತ್ತಿದ್ದರು. ಘಟಿಕಾ ಶಬ್ದವೇ ನಮ್ಮಲ್ಲಿ ಗಳಿಗೆಯಾಯಿತು. ಗಡಿಯಾರ ಶಬ್ದವೂ ಆ ಕುಲದ್ದೇ. ಆ ರಂಧ್ರದಲ್ಲಿ ಕಸವು ಸೇರಿದರೆ ಗಣನೆ ತಪ್ಪುವದು. ಅದಕ್ಕೆ ಚಿಕಿತ್ಸೆಯು ರಂಧ್ರಶೋಧನವೇ ಹೊರತು ಹೊಸ ಬಟ್ಟಲಲ್ಲ. ಕೈಗಡಿಯಾರದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವದು.

ನಮ್ಮ ನಾಡಿನಲ್ಲಿ ಹೆಚ್ಚಾಗಿ ದೊರೆಯುವ ಹಳೆಯ ಗಡಿಯಾರಗಳು ಎಚ್.ಎಂ.ಟಿ.ಯವು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಇವುಗಳ ತಯಾರಿಕೆಯು ಆರಂಭವಾಯಿತು. ‘ಜನತಾ’ ಎಂಬ ಹೆಸರಿನ, ಕೀಲಿ ಕೊಡುವ ಗಡಿಯಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ 17 ಹರಳುಗಳುಂಟು. ಇವು ಅಲಂಕಾರಕ್ಕಾಗಿ ಇಟ್ಟವಲ್ಲ. ಚಕ್ರಗಳ ಕೂದಲಿನಂಥ ಅಚ್ಚುತುದಿಗಳು ತಿರುಗುವಾಗ ಸವೆಯದಿರಲೆಂದು ಕೂಡಿಸಿದ ಕೃತಕ ಕೆಂಪುಗಳು. ಅದರ ತೂಗುಚಕ್ರವು ತಾಸಿಗೆ 18,000 ಸಲ ಮಿಡಿಯುವದು. ಅಂದರೆ ಒಂದು ದಿನಕ್ಕೆ 4,32,000 ಮಿಡಿತಗಳು. ಕಲಿಯುಗದ ವರ್ಷಗಳ ಸಂಖ್ಯೆಯೂ ಇಷ್ಟೇ ಎಂಬುದನ್ನು ವಾಚಕರು ಬಲ್ಲರು. ಒಂದು ಯುಗದ ವರ್ಷಗಳಷ್ಟು ಮಿಡಿತಗಳನ್ನು ದಿನದಿನವೂ ಮುಗಿಸುವ ಈ ಯಂತ್ರವು ಸಾಸಿವೆಯ ಕಾಳಿಗಿಂತ ಕಿರಿದಾದ ಎಣ್ಣೆಯ ಹನಿಗಳನ್ನು ನಂಬಿ ನಡೆಯುವದು. ವರ್ಷಗಳು ಕಳೆದಂತೆ ಆ ಎಣ್ಣೆಯು ಒಣಗಿ ಅಂಟಾಗುವದು. ಮೇಲಾಗಿ ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರ ತಾಲೂಕಿನ ಮಳೆಗಾಲದಲ್ಲಿ ತೇವವು ಒಳಹೊಕ್ಕು ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಸುವದು. ಆದ್ದರಿಂದ ನಿಂತ ಗಡಿಯಾರವೆಲ್ಲ ಮುರಿದ ಗಡಿಯಾರವೆಂದು ಎಣಿಸಬಾರದು.

ವೈದ್ಯನಿಗೆ ನಿದಾನವು ಮೊದಲು, ಔಷಧವು ಅನಂತರ. ಗಡಿಯಾರವು ಒಮ್ಮೆಲೇ ಬಹಳ ಮುಂದೋಡತೊಡಗಿದರೆ, ಅಯಸ್ಕಾಂತದ ಸೋಂಕಿನಿಂದ ಕೂದಲೆಳೆಯ ಸುರುಳಿಯು ಒಂದಕ್ಕೊಂದು ಅಂಟಿರಬಹುದು. ಆ ಸೋಂಕನ್ನು ಕಳೆಯುವ ಸಣ್ಣ ಉಪಕರಣವು ದುರಸ್ತಿಯವರಲ್ಲಿ ಇರುವದು. ಯಾವ ಭಾಗವನ್ನೂ ಬದಲಿಸಬೇಕಾಗಿಲ್ಲ. ಗಡಿಯಾರವು ಕೆಲವು ತಾಸು ನಡೆದು ನಿಲ್ಲುತ್ತಿದ್ದರೆ ಎಣ್ಣೆ ಒಣಗಿರುವದೆಂದು ಮೊದಲು ಶಂಕಿಸಬೇಕು. ಒಣಗಿದ ಗಡಿಯಾರವನ್ನು ಹಾಗೆಯೇ ನಡೆಯಿಸುತ್ತಿದ್ದರೆ ಮಾತ್ರ ಅಚ್ಚುತುದಿಗಳು ಸವೆದು, ಶುದ್ಧಿಯಿಂದ ನೀಗಬಹುದಾಗಿದ್ದ ದೋಷವು ಭಾಗನಾಶಕ್ಕೆ ತಿರುಗುವದು.

ಮನೆಯಲ್ಲಿ ಈ ವಿದ್ಯೆಯನ್ನು ಕಲಿಯಬೇಕೆನ್ನುವವರು ತಂದೆಯ ಗಡಿಯಾರದ ಮೇಲೆ ಮೊದಲ ಪಾಠ ಮಾಡಬಾರದು. ಗುಜರಿಯ ನಿರುಪಯೋಗಿ ಗಡಿಯಾರವೊಂದನ್ನು ತಂದು ಹತ್ತು ಸಲ ಬಿಚ್ಚಿ ಜೋಡಿಸಬೇಕು. ಸರಿಯಾದ ಅಳತೆಯ ತಿರುಪುಳಿಗಳು, ನಯವಾದ ತುದಿಯ ಚಿಮಟಾ, ಕಣ್ಣಿಗೆ ಹಚ್ಚುವ ಭೂತಗನ್ನಡಿ, ಬಿಳಿಯ ಕಾಗದ ಇಷ್ಟು ಸಾಕು. ಮುಚ್ಚಳ ತೆಗೆದೊಡನೆ ಸ್ಪ್ರಿಂಗಿನಲ್ಲಿ ಉಳಿದಿರುವ ಬಿಗಿಯನ್ನು ಇಳಿಸಬೇಕು: ಕೀಲಿ ಕೊಡುವ ಗುಂಡಿಯನ್ನು ಬೆರಳಿನಿಂದ ಹಿಡಿದು, ಹಲ್ಲುಚಕ್ರವನ್ನು ತಡೆದಿರುವ ಸಣ್ಣ ಕೊಂಡಿಯನ್ನು ಬದಿಗೆ ಸರಿಸಿ, ಗುಂಡಿಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಬಿಡುವದು. ಹೀಗೆ ಮಾಡದೆ ತಿರುಪುಗಳನ್ನು ಬಿಚ್ಚಿದರೆ ಚಕ್ರಗಳು ಒಮ್ಮೆಲೇ ಸುತ್ತಿ ಹಲ್ಲುಗಳು ಮುರಿಯುವವು. ಒಂದೊಂದು ಭಾಗವನ್ನು ತೆಗೆಯುವ ಮುನ್ನ ಛಾಯಾಚಿತ್ರ ತೆಗೆದುಕೊಳ್ಳುವದು ಲೇಸು. ತೊಳೆಯುವಾಗ ಒಂದು ಎಚ್ಚರಿಕೆ: ಚಕ್ರಗಳ ಓಟವನ್ನು ತಡೆತಡೆದು ಬಿಡುವ ಸಣ್ಣ ಕವಲಿನ ಹರಳುಗಳನ್ನು ಅರಗಿನಿಂದ ಅಂಟಿಸಿರುವರು. ಅರಗು ಸ್ಪಿರಿಟ್ಟಿನಲ್ಲಿ ಕರಗುವದರಿಂದ ಆ ಭಾಗವನ್ನು ಅದರಲ್ಲಿ ನೆನೆಯಿಡಬಾರದು. ಹೊಲಿಗೆಯ ಯಂತ್ರದ ಎಣ್ಣೆಯನ್ನು ಸುರಿಯುವದಂತೂ ಸರ್ವಥಾ ಕೂಡದು. ಗಡಿಯಾರದ ಎಣ್ಣೆಯೇ ಬೇರೆ, ಅದೂ ಸೂಜಿಯ ಮೊನೆಯಷ್ಟು.

ಇನ್ನು ಬಿಡಿಭಾಗಗಳ ಮಾತು. 2016ರ ಜನವರಿಯಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಹೀಗಾಗಿ ಹಳೆಯ ಗಡಿಯಾರಗಳ ಮೂಲಭಾಗಗಳೆಂದರೆ ಅಂಗಡಿಗಳ ಡಬ್ಬಿಗಳಲ್ಲಿ ಉಳಿದವು, ಇಲ್ಲವೆ ಮತ್ತೊಂದು ಗಡಿಯಾರದ ಒಡಲಿನಿಂದ ತೆಗೆದವು. ಒಂದನ್ನು ಬದುಕಿಸಲು ಇನ್ನೊಂದನ್ನು ಕೊಲ್ಲಬೇಕಾದ ಈ ಸ್ಥಿತಿಯಲ್ಲಿ ಬದಲಾವಣೆಯ ವಿಷಯಕ್ಕೆ ಜಿಪುಣತನವೇ ಗುಣವು. ಮುಖದ ಪ್ಲಾಸ್ಟಿಕ್ ಗಾಜು, ಚರ್ಮದ ಪಟ್ಟಿ, ಕೀಲಿಯ ಗುಂಡಿ, ಬಲಗುಂದಿದ ಸ್ಪ್ರಿಂಗು ಇವು ಸವೆಯುವದಕ್ಕಾಗಿಯೇ ಹುಟ್ಟಿದವು, ನಿಸ್ಸಂಕೋಚವಾಗಿ ಬದಲಿಸಬಹುದು. ಗಾಜಿನ ಸಣ್ಣ ಗೀರುಗಳಾದರೋ ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೂ ಮಾಸುವವು. ಆದರೆ ಅಂಕಿಗಳಿರುವ ಫಲಕವನ್ನೂ ಮುಳ್ಳುಗಳನ್ನೂ ಮುಟ್ಟದಿರುವದೇ ಲೇಸು. ಹಳೆಯ ಫಲಕಕ್ಕೆ ಹೊಸ ಬಣ್ಣ ಬಳಿದು, ಕಾರಖಾನೆಯು ಎಂದೂ ಮಾಡದ ಚಿತ್ರಗಳನ್ನು ಅಚ್ಚೊತ್ತಿ, ಅಪರೂಪದ ಎಚ್.ಎಂ.ಟಿ. ಎಂದು ಮಾರುವ ವ್ಯಾಪಾರವು ಈಗ ನಡೆದಿರುವದು. ತಂದೆಯು ಮೂವತ್ತು ವರ್ಷ ದಿನವೂ ನೋಡಿದ ಮುಖವು ಹಳದಿಯಾಗಿದ್ದರೂ ಅದೇ ಮುಖವು; ಬಳಿದ ಬಣ್ಣದೊಡನೆ ಅದು ಅಳಿದುಹೋಗುವದು.

ಸಂಖ್ಯೆಗಳು ಕೆಂಪಾಗಿ ಬೆಳಗುವ ಎಲ್.ಇ.ಡಿ. ಗಡಿಯಾರಗಳ ಮಾತು ಸ್ವಲ್ಪ ಬೇರೆ. ಅಮೇರಿಕೆಯ ಹ್ಯಾಮಿಲ್ಟನ್ ಕಂಪನಿಯು 1972ರಲ್ಲಿ ‘ಪಲ್ಸಾರ್’ ಎಂಬ ಇಂಥ ಮೊದಲ ಗಡಿಯಾರವನ್ನು 2,100 ಡಾಲರಿಗೆ ಮಾರಿತು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗಡಿಯಾರವು 20 ಡಾಲರಿನೊಳಗೆ ದೊರೆಯಿತು. ಗುಂಡಿ ಒತ್ತಿದಾಗ ಮಾತ್ರ ಅದು ವೇಳೆಯನ್ನು ತೋರಿಸುವದು. ಸದಾ ಬೆಳಗಿದರೆ ಸೆಲ್ಲು ಬೇಗನೆ ಬರಿದಾಗುವದು. ಪ್ರತಿ ಅಂಕಿಯೂ ಏಳು ಗೆರೆಗಳಿಂದಾದುದು. ನಡುಗೆರೆ ಆರಿದರೆ ಎಂಟು ಸೊನ್ನೆಯಾಗುವದು, ಬಲಮೇಲಿನ ಗೆರೆ ಆರಿದರೆ ಆರಾಗುವದು! ಇದರಲ್ಲಿಯೂ ಮೊದಲು ನೋಡತಕ್ಕದ್ದು ಸೋರಿದ ಸೆಲ್ಲಿನ ಕಿಲುಬನ್ನು. ಸಂಪರ್ಕದ ತಗಡುಗಳನ್ನು ಶುಚಿಮಾಡಿ ಹೊಸ ಸೆಲ್ಲು ಹಾಕಿದರೆ ಎಷ್ಟೋ ಗಡಿಯಾರಗಳು ಕಣ್ದೆರೆಯುವವು. ಒಳಗಿನ ಚಿಪ್ಪು ಸುಟ್ಟಿದ್ದರೆ ಮಾತ್ರ ಅದನ್ನು ಕೈಯಿಂದ ಸರಿಪಡಿಸಲಾಗದು. ಆಸಕ್ತರು ಹೊಸದಾಗಿ ರಚಿಸುವ ಪೂರ್ಣ ಯಂತ್ರವನ್ನೇ ಹಳೆಯ ಕವಚದಲ್ಲಿ ಕೂಡಿಸಬೇಕಾಗುವದು. ಆಗ ಉಳಿಯುವದು ದೇಹ ಮಾತ್ರ, ಪ್ರಾಣವು ಪರಕೀಯ.

ಗುಡಿಯ ಜೀರ್ಣೋದ್ಧಾರದಲ್ಲಿ ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸುವರು. ನಿಂತ ಕಲ್ಲನ್ನು ಕಿತ್ತು ಹೊಸದನ್ನು ಇಡುವದು ಉದ್ಧಾರವೆನಿಸದು. ಗಡಿಯಾರದಲ್ಲಿಯೂ ಶುದ್ಧಿ ಮೊದಲು, ದುರಸ್ತಿ ಅನಂತರ, ಬದಲಾವಣೆ ಕೊನೆಗೆ. ಬದಲಿಸಲೇಬೇಕಾದರೆ ತೆಗೆದ ಭಾಗವನ್ನು ಎಸೆಯದೆ, ಸಣ್ಣ ಪೊಟ್ಟಣದಲ್ಲಿ ಕಟ್ಟಿ, ತಾರೀಖು ಬರೆದು ಗಡಿಯಾರದ ಜೊತೆಗೇ ಇಡಬೇಕು. ಹಿಂದಿನ ಕಸಬುದಾರರು ದುರಸ್ತಿ ಮಾಡಿದ ದಿನವನ್ನು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀರಿಡುತ್ತಿದ್ದರು. ಮುಚ್ಚಳ ತೆರೆದಾಗ ಅಂಥ ಗೀರುಗಳು ಕಂಡರೆ ಅವನ್ನು ಉಜ್ಜಿ ಅಳಿಸಬೇಡಿರಿ. ಆ ಗಡಿಯಾರವನ್ನು ನಿಮಗಿಂತ ಮುಂಚೆ ಯಾರೋ ಒಬ್ಬರು ಶ್ರದ್ಧೆಯಿಂದ ಉಳಿಸಿಕೊಟ್ಟಿದ್ದಾರೆಂಬುದಕ್ಕೆ ಅವೇ ಸಾಕ್ಷಿ.