ವಿಮಾನ ತಿರುಗಿ ಹೋಯ್ತೇ? ಗಾಬರಿ ಬೇಡ!

ಕಳೆದ ವರ್ಷ ಆಷಾಢದಲ್ಲಿ ಮುಂಬೈಯಿಂದ ಅಮ್ಮ ಬರುವವರಿದ್ದರು. ನೀರುದೋಸೆಗೆ ಹಿಟ್ಟು ರುಬ್ಬಿಟ್ಟು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟೆ. ಪೇಟೆಯಲ್ಲಿ ಮಳೆ ನಿಂತು ಎಳೆಬಿಸಿಲು ಬಂದಿತ್ತು. ಗುಡ್ಡ ಹತ್ತಿದರೆ ಎದುರಿನ ಕಾರೂ ಕಾಣದಷ್ಟು ಮೋಡ! ಅಮ್ಮನ ವಿಮಾನ ಆಕಾಶದಲ್ಲೇ ಸುತ್ತಿ ಸುತ್ತಿ ಕೊನೆಗೆ ಬೆಂಗಳೂರಿಗೆ ಹೋಯ್ತು. ಅವರ ಸಕ್ಕರೆ ಕಾಯಿಲೆಯ ಮಾತ್ರೆ ಲಗೇಜಿನ ಸೂಟ್‌ಕೇಸಿನಲ್ಲಿತ್ತು. ನನ್ನ ಸಂಕಟ ನಿಮಗೆ ಅರ್ಥವಾದೀತು.

"ಪೇಟೆಯಲ್ಲಿ ಬಿಸಿಲಿದೆಯಲ್ಲಾ, ಇಳಿಸೋಕೇನು?" ಅಂತ ನಾನೂ ಕೌಂಟರಿನ ಹುಡುಗಿಯ ಮೇಲೆ ರೇಗಿದ್ದೆ. ತಪ್ಪು ನನ್ನದೇ. ಪೈಲಟ್ ನಮ್ಮ ಅಂಗಳದ ಬಿಸಿಲು ನೋಡಿ ಇಳಿಸುವುದಿಲ್ಲ. ನಿಲ್ದಾಣದಲ್ಲೇ ಅಳೆದ 'ಮೆಟಾರ್' ಎಂಬ ವರದಿ ಅರ್ಧ ಗಂಟೆಗೊಮ್ಮೆ ಬರುತ್ತದೆ. ಹವೆ ದಿಢೀರನೆ ಬದಲಾದರೆ ನಡುವೆಯೇ ಇನ್ನೊಂದು. ಮುಂದಿನ ಗಂಟೆಗಳಲ್ಲಿ ಏನಾಗಬಹುದೆಂದು ಹೇಳುವುದು 'ಟಾಫ್'.

ವರದಿ ಪುಟ್ಟ ಸಂಕೇತಗಳಲ್ಲಿರುತ್ತದೆ. '24012ಕೆಟಿ' ಅಂದರೆ 240 ಡಿಗ್ರಿ ದಿಕ್ಕಿನಿಂದ, ಅಂದರೆ ನೈಋತ್ಯದ ಕಡೆಯಿಂದ, 12 ನಾಟ್ ಗಾಳಿ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 22 ಕಿ.ಮೀ. ಮುಂದೆ '1500' ಇದ್ದರೆ ಕಣ್ಣಿಗೆ ಕಾಣುವುದು 1,500 ಮೀಟರ್ ಮಾತ್ರ. '9999' ಇದ್ದರೆ 10 ಕಿ.ಮೀ. ಅಥವಾ ಹೆಚ್ಚು. 'ಆರ್‌ಎ' ಮಳೆ, 'ಎಫ್‌ಜಿ' ದಟ್ಟ ಮಂಜು.

ಮಂಗಳೂರಿನ ರನ್‌ವೇ ಇರುವುದು ಗುಡ್ಡದ ತಲೆಯ ಮೇಲೆ, ಅಂಚಿನಲ್ಲಿ ಕಣಿವೆ. ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸದಿರುವುದೇ ಸರಿ. ಬೇರೆ ಊರಿಗೆ ಹೋಗಲು ಬೇಕಾದ ಇಂಧನವನ್ನು ಮೊದಲೇ ಲೆಕ್ಕ ಹಾಕಿ ತುಂಬಿರುತ್ತಾರೆ. ಹಾಗಾಗಿ 'ತಿರುಗಿ ಹೋಯ್ತು' ಅಂದರೆ 'ಅಪಾಯ' ಅಂತಲ್ಲ, 'ಜಾಗ್ರತೆ' ಅಂತ.

ಮಳೆಗಾಲದಲ್ಲಿ ನೀವು ಇಷ್ಟು ಮಾಡಿ:

* ದಿನದ ಮಾತ್ರೆ, ಕನ್ನಡಕ, ಚಾರ್ಜರ್ ಕೈಚೀಲದಲ್ಲೇ ಇರಲಿ. ಜೊತೆಗೆ ನಾಲ್ಕು ಬಿಸ್ಕತ್ತು.

* ಇಳಿದ ಗಂಟೆಯೊಳಗೆ ಇನ್ನೊಂದು ವಿಮಾನ, ರೈಲು ಹಿಡಿಯುವ ಯೋಜನೆ ಬೇಡ. ಮದುವೆ ಇದ್ದರೆ ಹಿಂದಿನ ದಿನವೇ ಹೊರಡಿ.

* ಮನೆ ಬಿಡುವ ಮುನ್ನ ವಿಮಾನ ಸಂಸ್ಥೆಯ ಸಂದೇಶ ನೋಡಿ.

* ಬೇರೆ ಊರಲ್ಲಿ ಇಳಿದರೆ ಯಾರಿಗೆ ಫೋನ್ ಮಾಡಬೇಕೆಂದು ಹಿರಿಯರಿಗೆ ಚೀಟಿ ಬರೆದುಕೊಡಿ.

ಅಂದು ಅಮ್ಮ ಮನೆ ಸೇರಿದಾಗ ರಾತ್ರಿ ಒಂಬತ್ತು. ಹಿಟ್ಟು ಫ್ರಿಜ್ಜಿನಲ್ಲಿ ಕಾಯುತ್ತಿತ್ತು. ದೋಸೆ ತಡವಾದರೇನು, ಅಮ್ಮ ಕ್ಷೇಮವಾಗಿ ಬಂದರಲ್ಲ!