ಕರ್ಸರ್ ಓಡುತ್ತದೆ, ಪುಟ ಅಲುಗುವುದಿಲ್ಲ

ಟಚ್‌ಪ್ಯಾಡ್ ಮೇಲೆ ಒಂದು ಬೆರಳಾಡಿಸಿದರೆ ಕರ್ಸರ್ ಸರಾಗವಾಗಿ ಓಡುತ್ತದೆ. ತಟ್ಟಿದರೆ ಕ್ಲಿಕ್ ಆಗುತ್ತದೆ. ಎರಡು ಬೆರಳಿಟ್ಟು ಎಳೆದರೆ ಮಾತ್ರ ಪುಟ ಇದ್ದಲ್ಲೇ ನಿಂತಿರುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ, ದೊಡ್ಡ ಅಪ್‌ಡೇಟ್ ಬಂದ ಮರುದಿನ, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಮನೆಗೆ ತಂದ ಸಂಜೆ ಈ ತೊಂದರೆ ಕಣ್ಣಿಗೆ ಬೀಳುತ್ತದೆ. ‘ಪ್ಯಾಡ್ ಹೋಗಿದೆ, ಬದಲಾಯಿಸಬೇಕು’ ಎಂದು ಯಾರಾದರೂ ಹೇಳಿದರೆ ದುಡ್ಡು ತೆಗೆಯುವ ಮುನ್ನ ಒಂದು ಕ್ಷಣ ತಾಳಿ. ಕರ್ಸರ್ ನೆಟ್ಟಗೆ ಓಡುತ್ತಿದೆ ಎಂದರೆ ಪ್ಯಾಡಿನ ಬೆರಳು ಗುರುತಿಸುವ ಭಾಗ ಕೆಲಸ ಮಾಡುತ್ತಿದೆ. ಕೆಟ್ಟಿರುವುದು ಬಹುಮಟ್ಟಿಗೆ ಪ್ಯಾಡ್ ಅಲ್ಲ, ಪ್ಯಾಡಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ಮಾತುಕತೆ.

ಆ ಮಾತುಕತೆ ಹೇಗೆ ನಡೆಯುತ್ತದೆಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ. ಪ್ಯಾಡಿನ ನುಣುಪು ಮೇಲ್ಮೈಯ ಕೆಳಗೆ ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಎಲೆಕ್ಟ್ರೋಡುಗಳಿರುತ್ತವೆ. ಬೆರಳು ಹತ್ತಿರ ಬಂದ ಜಾಗದಲ್ಲಿ ವಿದ್ಯುತ್ ಧಾರಣಶಕ್ತಿ ಕೊಂಚ ಬದಲಾಗುತ್ತದೆ. ಅಲ್ಲೇ ಕೂತ ಚಿಪ್ ಇಡೀ ಜಾಲವನ್ನು ಸೆಕೆಂಡಿಗೆ ಹತ್ತಾರು ಸಲ ಓದಿ ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅಮೆರಿಕದ ಜಾರ್ಜ್ ಗೆರ್ಫೈಡ್ 1988ರ ಹೊತ್ತಿಗೆ ಇದಕ್ಕೊಂದು ಸರಿಯಾದ ರೂಪ ಕೊಟ್ಟರು. 1994ರಲ್ಲಿ ಆ್ಯಪಲ್‌ನ ಪವರ್‌ಬುಕ್ 500 ಸರಣಿಯೊಂದಿಗೆ ಅದು ಲ್ಯಾಪ್‌ಟಾಪಿನ ಅಂಗವೇ ಆಯಿತು. ಆಮೇಲೆ ಈ ವ್ಯಾಪಾರದಲ್ಲಿ ಅತಿ ದೊಡ್ಡ ಹೆಸರಾದದ್ದು ಸಿನಾಪ್ಟಿಕ್ಸ್. ಇಂಟೆಲ್‌ನ 4004 ಮೈಕ್ರೊಪ್ರೊಸೆಸರ್ ರೂಪಿಸಿದವರಲ್ಲಿ ಪ್ರಮುಖರಾದ ಫೆಡೆರಿಕೊ ಫಾಜಿನ್, ಕಾರ್ವರ್ ಮೀಡ್ ಜೊತೆ ಸೇರಿ 1986ರಲ್ಲಿ ಕಟ್ಟಿದ ಕಂಪನಿ ಅದು. ನಿಮ್ಮ ಹಳೆಯ ಲ್ಯಾಪ್‌ಟಾಪಿನ ಪ್ಯಾಡ್ ಕೂಡ ಅವರದೇ ಆಗಿರಬಹುದು.

ಇಲ್ಲಿದೆ ವಿಷಯದ ಗಂಟು. ಲ್ಯಾಪ್‌ಟಾಪಿಗೆ ಟಚ್‌ಪ್ಯಾಡ್ ಬಂದಾಗ ಕಂಪ್ಯೂಟರಿಗೆ ಗೊತ್ತಿದ್ದದ್ದು ಮೌಸ್ ಮಾತ್ರ. ಪಿಎಸ್/2 ಮೌಸ್ ಪ್ರತಿ ಸಲ ಕಳಿಸುವುದು ಮೂರೇ ಬೈಟ್: ಅಡ್ಡಕ್ಕೆ ಎಷ್ಟು ಸರಿದೆ, ಉದ್ದಕ್ಕೆ ಎಷ್ಟು ಸರಿದೆ, ಯಾವ ಬಟನ್ ಒತ್ತಿದೆ. 1996ರಲ್ಲಿ ಮೈಕ್ರೊಸಾಫ್ಟ್‌ನ ಇಂಟೆಲಿಮೌಸ್ ಜೊತೆ ಚಕ್ರ ಬಂದಾಗ ಅದಕ್ಕಾಗಿ ನಾಲ್ಕನೆಯ ಬೈಟ್ ಸೇರಿಕೊಂಡಿತು. ಎಷ್ಟು ಬೆರಳಿವೆ ಎಂದು ಹೇಳಲು ಈ ಭಾಷೆಯಲ್ಲಿ ಪದವೇ ಇಲ್ಲ. ಹಾಗಾಗಿ ಸಿನಾಪ್ಟಿಕ್ಸ್ ಪ್ಯಾಡ್ ಎರಡು ವೇಷ ಇಟ್ಟುಕೊಂಡಿತು. ಪವರ್ ಬಂದ ಕೂಡಲೇ ಅದು ಸಾದಾ ಮೌಸಿನಂತೆ ನಡೆದುಕೊಳ್ಳುತ್ತದೆ. ಅದರ ಭಾಷೆ ಬಲ್ಲ ತಂತ್ರಾಂಶ, ಅಂದರೆ ಡ್ರೈವರ್, ಬಂದು ಗುಟ್ಟಿನ ಸಂಕೇತವೊಂದನ್ನು ಕಳಿಸಿ ‘ನೀನು ಯಾರು’ ಎಂದು ಕೇಳಿದಾಗ ಮಾತ್ರ ತನ್ನ ನಿಜರೂಪ ತೋರಿಸಿ ಆರು ಬೈಟಿನ ಪೊಟ್ಟಣಗಳನ್ನು ಕಳಿಸತೊಡಗುತ್ತದೆ. ಬೆರಳಿನ ನಿಖರ ಜಾಗ, ಒತ್ತಡ, ಜೊತೆಗೆ ‘ಡಬ್ಲ್ಯೂ’ ಎಂಬ ಒಂದು ಅಂಕಿ ಅದರಲ್ಲಿರುತ್ತದೆ. ಆ ಅಂಕಿ ಸೊನ್ನೆಯಾದರೆ ಎರಡು ಬೆರಳು, ಒಂದಾದರೆ ಮೂರು ಅಥವಾ ಹೆಚ್ಚು, ನಾಲ್ಕರಿಂದ ಮೇಲಾದರೆ ಒಂದೇ ಬೆರಳಿನ ಅಗಲ. ಡ್ರೈವರ್ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಪ್ಯಾಡ್ ಮೌಸಾಗಿಯೇ ಉಳಿಯುತ್ತದೆ. ಕರ್ಸರ್ ಓಡುತ್ತದೆ, ಕ್ಲಿಕ್ ಆಗುತ್ತದೆ, ಸ್ಕ್ರಾಲ್ ಇಲ್ಲ. ನಿಮ್ಮ ಲ್ಯಾಪ್‌ಟಾಪಿನ ರೋಗಲಕ್ಷಣ ಅಕ್ಷರಶಃ ಇದೇ.

ಸ್ಕ್ರಾಲ್ ತಂತ್ರಾಂಶದ ಸೊತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿಯೊಂದಿದೆ. ಎರಡು ಬೆರಳಿನ ಸ್ಕ್ರಾಲನ್ನು ಆ್ಯಪಲ್ 2005ರ ಆರಂಭದಲ್ಲಿ ಹೊಸ ಪವರ್‌ಬುಕ್‌ಗಳ ವಿಶೇಷ ಎಂದು ಪ್ರಕಟಿಸಿತು. ಸ್ವಲ್ಪದರಲ್ಲೇ ‘ಐಸ್ಕ್ರಾಲ್2’ ಎಂಬ ಉಚಿತ ಡ್ರೈವರ್ ಬಂತು. ಅದನ್ನು ಹಾಕಿಕೊಂಡ ಎಷ್ಟೋ ಹಳೆಯ ಪವರ್‌ಬುಕ್, ಐಬುಕ್‌ಗಳೂ ಎರಡು ಬೆರಳಿಗೆ ಓಗೊಟ್ಟವು. ಒಂದು ತಿರುಪನ್ನೂ ಬಿಚ್ಚಿರಲಿಲ್ಲ. ಆ ಶಕ್ತಿ ಪ್ಯಾಡಿನೊಳಗೆ ಮೊದಲಿನಿಂದಲೂ ಇತ್ತು, ಕೇಳುವವರಿರಲಿಲ್ಲ ಅಷ್ಟೆ.

ವಿಂಡೋಸ್‌ನಲ್ಲಿ ಹುಡುಕಾಟ ಶುರುವಾಗಬೇಕಾದ್ದು ಸೆಟ್ಟಿಂಗ್ಸ್‌ನಿಂದ. ವಿಂಡೋಸ್ 11ರಲ್ಲಿ ‘ಬ್ಲೂಟೂತ್ ಆ್ಯಂಡ್ ಡಿವೈಸಸ್’, ಅದರೊಳಗೆ ‘ಟಚ್‌ಪ್ಯಾಡ್’, ಅದರೊಳಗೆ ‘ಸ್ಕ್ರಾಲ್ ಆ್ಯಂಡ್ ಝೂಮ್’. ‘ಡ್ರ್ಯಾಗ್ ಟೂ ಫಿಂಗರ್ಸ್ ಟು ಸ್ಕ್ರಾಲ್’ ಎದುರಿನ ಗುರುತು ಅಳಿಸಿಹೋಗಿದ್ದರೆ ಹಾಕಿ, ಕೆಲಸ ಅಲ್ಲಿಗೇ ಮುಗಿಯಬಹುದು. ಟಚ್‌ಪ್ಯಾಡ್ ಪುಟವೇ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ಮೌಸ್‌ಗಳ ಪಟ್ಟಿ ಬಿಚ್ಚಿ. ಅಲ್ಲಿ ‘ಪಿಎಸ್/2 ಕಂಪ್ಯಾಟಿಬಲ್ ಮೌಸ್’ ಎಂದಷ್ಟೇ ಬರೆದಿದ್ದರೆ ಕಳ್ಳ ಸಿಕ್ಕಿಬಿದ್ದಂತೆ: ವಿಂಡೋಸ್ ನಿಮ್ಮ ಪ್ಯಾಡನ್ನು ಮೌಸ್ ಎಂದೇ ನಂಬಿ ಕೂತಿದೆ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಸಂಖ್ಯೆ ಕೊಟ್ಟು ಅದರದೇ ಟಚ್‌ಪ್ಯಾಡ್ ಡ್ರೈವರ್ ಇಳಿಸಿಕೊಳ್ಳಿ. ಎಲ್ಲ ಡ್ರೈವರನ್ನೂ ತಾನೇ ಹುಡುಕಿ ಕೊಡುತ್ತೇನೆನ್ನುವ ಅಪರಿಚಿತ ತಂತ್ರಾಂಶಗಳ ಸಹವಾಸ ಖಂಡಿತ ಬೇಡ. ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಡ್ರೈವರಿನ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಿಂದಿನದಕ್ಕೆ ಮರಳಬಹುದು. ಇನ್ನೊಂದು ಮೂಲೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ: ವಿಂಡೋಸ್ ಶುರುವಾಗುವ ಮುನ್ನ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್ಸ್. ಏಸರ್‌ನ ಹಲವು ಮಾದರಿಗಳಲ್ಲಿ ಟಚ್‌ಪ್ಯಾಡಿಗೆ ‘ಬೇಸಿಕ್’, ‘ಅಡ್ವಾನ್ಸ್‌ಡ್’ ಎಂಬ ಎರಡು ಆಯ್ಕೆ ಅಲ್ಲಿರುತ್ತವೆ. ‘ಬೇಸಿಕ್’ ಎಂದರೆ ಅದೇ ಹಳೆಯ ಮೌಸಿನ ವೇಷ.

ಲಿನಕ್ಸ್ ಬಳಸುವವರ ಕಷ್ಟ ಬೇರೆ ಬಗೆಯದು. ಅಲ್ಲಿ ಬೆರಳಿನ ಚಲನೆಗೆ ಅರ್ಥ ಕೊಡುವ ಹೊಣೆಯನ್ನು ಈಗ ‘ಲಿಬ್‌ಇನ್‌ಪುಟ್’ ಹೊತ್ತಿದೆ. 2015ರ ಫೆಡೋರಾ 22 ಎಂಬ ಲಿನಕ್ಸ್ ಆವೃತ್ತಿಯಿಂದಾಚೆಗೆ ಅದು ಹಳೆಯ ಸಿನಾಪ್ಟಿಕ್ಸ್ ಡ್ರೈವರಿನ ಜಾಗವನ್ನು ಒಂದೊಂದಾಗಿ ಎಲ್ಲೆಡೆ ಆಕ್ರಮಿಸಿತು. ಹಳೆಯದರಲ್ಲಿ ಬಲ ಅಂಚಿನ ಸ್ಕ್ರಾಲನ್ನೂ ಎರಡು ಬೆರಳಿನ ಸ್ಕ್ರಾಲನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದಿತ್ತು. ಲಿಬ್‌ಇನ್‌ಪುಟ್ ಒಂದು ಹೊತ್ತಿಗೆ ಒಂದನ್ನೇ ಒಪ್ಪುತ್ತದೆ. ಅಂಚಿನಲ್ಲಿ ಬೆರಳು ಜಾರಿಸಿ ರೂಢಿಯಾದವರಿಗೆ ಹೊಸ ಆವೃತ್ತಿಯಲ್ಲಿ ಸ್ಕ್ರಾಲ್ ಸತ್ತಂತೆ ಕಂಡದ್ದು ಇದರಿಂದ. ಡೆಸ್ಕ್‌ಟಾಪಿನ ‘ಮೌಸ್ ಆ್ಯಂಡ್ ಟಚ್‌ಪ್ಯಾಡ್’ ಸೆಟ್ಟಿಂಗ್ಸ್‌ನಲ್ಲಿ ಬೇಕಾದ ವಿಧಾನ ಆರಿಸಿಕೊಂಡರೆ ಸಾಕು. ಲ್ಯಾಪ್‌ಟಾಪ್ ಮಡಚಿ ತೆರೆದಾಗಲೆಲ್ಲ ಸ್ಕ್ರಾಲ್ ಮಾಯವಾಗುವ ಹಳೆಯ ಪಿಎಸ್/2 ಪ್ಯಾಡುಗಳಿಗೆ ಬೇರೊಂದು ಮದ್ದಿದೆ: ಟರ್ಮಿನಲ್‌ನಲ್ಲಿ ‘ಪಿಎಸ್‌ಮೌಸ್’ ಮಾಡ್ಯೂಲನ್ನು ತೆಗೆದು ಮತ್ತೆ ಹಾಕುವುದು. ಪ್ಯಾಡನ್ನು ‘ನೀನು ಯಾರು’ ಎಂದು ಎರಡನೆಯ ಸಲ ಕೇಳಿದಂತಾಗುತ್ತದೆ, ಅದೂ ಸರಿಯಾದ ಉತ್ತರ ಕೊಡುತ್ತದೆ.

ತಪ್ಪು ತಂತ್ರಾಂಶದ್ದೋ ಯಂತ್ರದ್ದೋ ಎಂದು ತೀರ್ಮಾನಿಸಲು ನನಗೆ ಅತಿ ಮೆಚ್ಚಿನ ಪರೀಕ್ಷೆ ಒಂದಿದೆ, ಅದಕ್ಕೆ ಒಂದು ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವಿಗೆ ಉಬುಂಟು ಲಿನಕ್ಸ್ ತುಂಬಿಸಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ಕೆಯಲ್ಲಿ ಲ್ಯಾಪ್‌ಟಾಪ್ ಶುರುಮಾಡಿ. ಒಳಗಿನ ವಿಂಡೋಸ್‌ಗೆ ಕೈ ತಾಗುವುದಿಲ್ಲ. ಅಲ್ಲಿ ಎರಡು ಬೆರಳಿಗೆ ಪುಟ ಸರಿದರೆ ಪ್ಯಾಡ್ ಸರಿಯಿದೆ, ವಾದಕ್ಕೆ ಜಾಗವಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಓದುವ ಮಕ್ಕಳಿಗೆ ಪ್ಯಾಡ್ ಬದಲಿಸುವ ಖರ್ಚು ಸಣ್ಣದಲ್ಲ. ಅಂಗಡಿಗೆ ಕೊಡುವ ಮುನ್ನ ಈ ಪರೀಕ್ಷೆ ಮಾಡಲೇಬೇಕು.

ಯಂತ್ರದ್ದೇ ತಪ್ಪಾಗುವುದೂ ಉಂಟು. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಕರ್ಸರ್ ಕುಣಿದು ಸ್ಕ್ರಾಲ್ ತಡವರಿಸಿದರೆ ಗೋಡೆಯ ಸಾಕೆಟ್ ಕಡೆ ನೋಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿನಲ್ಲಿ ಸಿಕ್ಕಿಸುವುದು ನಮ್ಮ ಮನೆಗಳಲ್ಲಿ ಮಾಮೂಲು. ಅರ್ಥಿಂಗ್ ಇಲ್ಲದಾಗ ಚಾರ್ಜರಿನ ವಿದ್ಯುತ್ ಗದ್ದಲ ಪ್ಯಾಡಿನ ಸೂಕ್ಷ್ಮ ಅಳತೆಯನ್ನು ಕೆಡಿಸುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಇನ್ನು ಪ್ಯಾಡ್ ಒಂದು ಬದಿಗೆ ಉಬ್ಬಿ ನಿಂತಿದ್ದರೆ, ಕ್ಲಿಕ್ ಗಟ್ಟಿಯಾಗಿದ್ದರೆ, ಸ್ಕ್ರಾಲ್ ವಿಚಾರ ಬಿಟ್ಟು ಲ್ಯಾಪ್‌ಟಾಪನ್ನು ತಕ್ಷಣ ಆಫ್ ಮಾಡಿ. ಕೆಳಗಿನ ಬ್ಯಾಟರಿ ಊದಿಕೊಂಡಿರುವ ಸೂಚನೆ ಅದು, ಬೆಂಕಿಯ ಅಪಾಯವಿದೆ. ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ.

ಪುಟ ತಲೆಕೆಳಗಾಗಿ ಸರಿಯುತ್ತಿದೆ ಎಂಬ ದೂರಂತೂ ದೋಷವೇ ಅಲ್ಲ. 2011ರ ಮ್ಯಾಕ್ ಲಯನ್‌ನಲ್ಲಿ ಆ್ಯಪಲ್ ದಿಕ್ಕನ್ನು ತಿರುಗಿಸಿ, ಫೋನಿನಂತೆ ಬೆರಳಿನ ಜೊತೆಗೇ ಪುಟವೂ ಸಾಗುವಂತೆ ಮಾಡಿತು. ಬೇಡವಾದರೆ ವಿಂಡೋಸ್, ಲಿನಕ್ಸ್‌ಗಳಲ್ಲಿ ಮೇಲೆ ಹೇಳಿದ ಸೆಟ್ಟಿಂಗ್ಸ್ ಪುಟಗಳಲ್ಲೇ ದಿಕ್ಕು ಬದಲಿಸಬಹುದು.

ನನ್ನ ನಿಜವಾದ ಅಸಮಾಧಾನ ಬೇರೆಯೇ. ಸಂಧಿವಾತದಿಂದ ಬೆರಳು ಬಿಗಿದವರಿಗೆ, ಕೈ ನಡುಗುವ ಹಿರಿಯರಿಗೆ ಎರಡು ಬೆರಳನ್ನು ಒಂದೇ ಅಂತರದಲ್ಲಿಟ್ಟು ಎಳೆಯುವುದು ಸುಲಭವಲ್ಲ. ಒಂದೇ ಬೆರಳನ್ನು ಅಂಚಿನಲ್ಲಿ ಜಾರಿಸುವ ಹಳೆಯ ವಿಧಾನ ಅವರಿಗೆ ವರದಂತಿತ್ತು. ಹೊಸ ಪ್ಯಾಡುಗಳು ಬಂದ ಮೇಲೆ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಬಹುಕಾಲ ಆ ಆಯ್ಕೆಯೇ ಇರಲಿಲ್ಲ. ಲಿಬ್‌ಇನ್‌ಪುಟ್ ಅದನ್ನು ಬಿಟ್ಟುಕೊಟ್ಟಿಲ್ಲ. ಮನೆಯಲ್ಲಿ ಇಂಥ ಹಿರಿಯರಿದ್ದು ಅವರ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ ಸ್ಕ್ರಾಲ್ ವಿಧಾನವನ್ನು ‘ಎಡ್ಜ್’ಗೆ ಬದಲಾಯಿಸಿ, ಬಲ ಅಂಚು ಎಲ್ಲಿದೆ ಎಂದು ಅವರ ಬೆರಳು ಹಿಡಿದು ತೋರಿಸಿಕೊಡಿ. ವಿಂಡೋಸ್ ಆದರೆ ಬಾಣದ ಕೀಲಿಗಳನ್ನೂ ಪೇಜ್ ಡೌನ್ ಕೀಲಿಯನ್ನೂ ಪರಿಚಯಿಸಿ. ಬ್ರೌಸರಿನಲ್ಲಿ ಸ್ಪೇಸ್ ಬಾರ್ ಒತ್ತಿದರೂ ಪುಟ ಕೆಳಗೆ ಸರಿಯುತ್ತದೆ, ಶಿಫ್ಟ್ ಜೊತೆ ಒತ್ತಿದರೆ ಮೇಲಕ್ಕೆ.